ಮುಕ್ಕಾಲು ಟನ್ನು

ಗಿಟ್ಟುತ್ತಾ ಅಂತ ಕೇಳ್ತೀಯ, ತಿಪ್ಪೇಶಿ.
ಶೋರೂಮಿನವನು ಕೊಟ್ಟ ಹೊಳೆಯುವ ಕಾಗದ
ನಾಲ್ಕು ಮಡಿಕೆಯಾಗಿ ನಿನ್ನ ಜೇಬಿನಲ್ಲಿದೆ.
ಅದರಲ್ಲಿ ಗಾಡಿ ಗುಡ್ಡದ ಮೇಲೆ ಒಂಟಿಯಾಗಿ ನಿಂತಿದೆ,
ಹಿಂದೆ ಒಂದು ಚೀಲವೂ ಇಲ್ಲ.

ನಾನು ಕಾಗದ ಓದಿ ಕೊಂಡವನಲ್ಲ.
ಹನ್ನೊಂದು ವರ್ಷ ಮಂಡಿಪೇಟೆಯಲ್ಲಿ
ಬೆನ್ನೇ ನನ್ನ ಗಾಡಿ. ಕೊಕ್ಕೆ ಬಲಗೈಯಲ್ಲಿ,
ಐವತ್ತು ಕೇಜಿ ಕತ್ತಿನ ಹಿಂದೆ.
ಮುಕ್ಕಾಲು ಟನ್ನು ಅಂದರೆ ಕಂಪನಿಗೆ ಒಂದು ಅಂಕಿ,
ನನಗೆ ಹದಿನೈದು ಸಲ ಮೆಟ್ಟಿಲು ಹತ್ತಿ
ಹದಿನೈದು ಸಲ ಇಳಿದದ್ದು.
ಈಗಲೂ ಥಂಡಿ ಬಿದ್ದರೆ ಎಡಭುಜ
ಹಳೇ ಬಾಕಿ ಕೇಳುತ್ತದೆ.

ಬೆಳಗಿನ ಐದಕ್ಕೆ ಹಯಾತ್ ಸಾಬರ ಮಂಡಕ್ಕಿ ಭಟ್ಟಿ.
ಮರಳು ಇನ್ನೂ ಕಾದಿರುತ್ತದೆ, ಗೋಡೆಗೆಲ್ಲ ಮಸಿ.
ಒಂದೊಂದು ಚೀಲ ಆಳೆತ್ತರ,
ತೂಕ ತೊಟ್ಟಿಲ ಕೂಸಿನಷ್ಟು.
ಮೂವತ್ತಾರು ಒಟ್ಟಿ ಹಗ್ಗ ಬಿಗಿದರೆ
ಗಾಡಿಯೇ ಕಾಣುವುದಿಲ್ಲ. ಬಣವೆಯೊಂದು
ಹಳೇ ಪಿ.ಬಿ. ರಸ್ತೆಯಲ್ಲಿ ತಾನೇ ಹೊರಟಂತೆ.
ಪೊಲೀಸಿನವನು ಕೈ ಅಡ್ಡ ಹಾಕಿದ: ಓವರ್‌ಲೋಡು!
ತೂಗಿಸಿ ಸಾರ್, ಅಂದೆ.
ತೂಗಿದರೆ ಅರ್ಧ ಹೊಟ್ಟೆಯೂ ತುಂಬಿರಲಿಲ್ಲ.
ಎತ್ತರ ಜಾಸ್ತಿ, ಅಂದ.
ಎತ್ತರಕ್ಕೆ ನೂರು ಬಿಟ್ಟು ಬಂದೆ.

ಅದೇ ಮಧ್ಯಾಹ್ನ ಕಬ್ಬಿಣ.
ಏಳಡಿಯ ತೊಟ್ಟಿ, ಹನ್ನೆರಡಡಿಯ ಪೈಪು,
ಉಳಿದ ಐದಡಿ ಗಾಳಿಯಲ್ಲಿ. ತುದಿಗೆ
ಹೆಂಡತಿಯ ಹಳೇ ಕುಪ್ಪಸದ ಕೆಂಪು ತುಂಡು.
ಮೂಲೆಯಷ್ಟೇ ತುಂಬಿದೆ, ಆದರೂ
ಹಿಂದಿನ ಪಾಟಾ ನೆಲ ನೋಡುತ್ತದೆ,
ಮುಂದಿನ ಗಾಲಿ ಹಗುರಾಗಿ
ಸ್ಟೇರಿಂಗು ಮಾತು ಕೇಳುವುದಿಲ್ಲ.
ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ
ಬೈಕಿನವನ ಮೂಗಿಗೂ ಪೈಪಿಗೂ ಒಂದು ಗೇಣು.
ಗೂಡ್ಸು ರೈಲು ಮುಗಿಯುವ ತನಕ
ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ ನಾನು.

ಚೌಕಿಪೇಟೆಯ ಸಂದಿಗೆ ಲಾರಿ ಬಾರದು,
ತಳ್ಳುಗಾಡಿಗೆ ಬೀರು ಹತ್ತದು.
ಅಲ್ಲಿ ನಾನೇ ರಾಜ, ಕನ್ನಡಿ ಮಡಚಿಕೊಂಡು
ಜಗಲಿಯವರು ಕಾಲು ಎಳೆದುಕೊಂಡಷ್ಟೇ ದಾರಿಯಲ್ಲಿ.

ಹೋದ ಅಮಾವಾಸ್ಯೆ ಆಚೆಗೆ
ರವಿಕೆ ಹೊಲಿಯುವ ರತ್ನಾಬಾಯಿ ಮನೆ ಬದಲಿಸಿದಳು.
ಕಾಲ್ತುಳಿ ಮಷೀನು, ಎರಡು ಟ್ರಂಕು, ಅಕ್ಕಿ ಡಬ್ಬಿ,
ಬೇರು ಹೊರಬಂದ ತುಳಸಿ ಕುಂಡ.
ಅರ್ಧ ತೊಟ್ಟಿ ಬರಿದು.
ಅರ್ಧ ಬಾಡಿಗೆ ತಗೋ ಅಣ್ಣಾ, ಅಂದಳು.
ಗಾಡಿ ಅರ್ಧ ದಾರಿ ಹೋಗಿ ನಿಲ್ಲಲ್ಲಮ್ಮ, ಅಂದೆ.
ಅಂದ ಮೇಲೆ ನಾಲಿಗೆ ಕಹಿ.
ಗಾಡಿ ಬಾಗಿಲ ತನಕ, ತಿಪ್ಪೇಶಿ,
ಮೆಟ್ಟಿಲಿಗೆ ಇನ್ನೂ ಬೆನ್ನೇ.
ಮಷೀನು ಎರಡನೇ ಮಹಡಿಗೆ ನಾನೇ ಹೊತ್ತೆ,
ಪುಸ್ತಕದಲ್ಲಿ ಬರೆಯಲಿಲ್ಲ.

ಬರೆದದ್ದನ್ನು ಬೇಕಾದರೆ ತೋರಿಸುತ್ತೇನೆ.
ಕಂತು ಐದನೇ ತಾರೀಕು. ಡೀಸೆಲ್ಲು ದಿನಾ.
ಟೈರು ಅದು ಕೇಳಿದಾಗ.
ಹರಿಹರಕ್ಕೆ ಹೋಗುವ ಬಾಡಿಗೆ ಸಿಗುತ್ತದೆ,
ಬರುವುದು ಸಿಗುವುದಿಲ್ಲ.
ಖಾಲಿ ಗಾಡಿ ಗುಂಡಿ ಗುಂಡಿಗೂ ಎಗರುತ್ತದೆ,
ಜಾಕು, ಪಾನಾ, ಟಿಫಿನ್ ಡಬ್ಬಿ
ಒಂದಕ್ಕೊಂದು ಬೈದಾಡುತ್ತವೆ.
ಹೇರಿದ ದಿನ ಮಾತಿಲ್ಲದೆ ನಡೆಯುತ್ತದೆ.
ಹನ್ನೊಂದು ವರ್ಷ ನನಗೆ ಉಲ್ಟಾ ಇತ್ತು:
ಖಾಲಿ ಬೆನ್ನಿನಲ್ಲಿ ಇಳಿಯುವಾಗಲೇ
ಶಿಳ್ಳೆ ಹಾಕುತ್ತಿದ್ದೆ.
ಈಗ ಹರಿಹರದಿಂದ ಬರುವಾಗ
ಬಾಯಿ ಒಣಗಿರುತ್ತದೆ.

ತಗೋ ಅನ್ನಲ್ಲ, ಬೇಡ ಅನ್ನಲ್ಲ.
ಆ ಕಾಗದ ಅಕ್ಕನಿಗೆ ಕೊಡು,
ಡಬ್ಬಿಯ ತಳಕ್ಕೆ ಹಾಸಲು ಆಗುತ್ತದೆ.
ನಾಳೆ ಐದಕ್ಕೆ ಭಟ್ಟಿ ಹತ್ತಿರ ಬಾ.
ಚಪ್ಪಲಿ ಬೇಡ, ಮಂಡಕ್ಕಿ ಮೇಲೆ ನಿಲ್ಲಬೇಕಾಗುತ್ತದೆ.
ಮೊದಲು ಹಗ್ಗ ಎಸೆಯೋದು ಕಲಿ,
ಈ ಕಡೆಯಿಂದ ಆ ಕಡೆಗೆ,
ಅಷ್ಟೆತ್ತರ, ಅಷ್ಟು ಹಗುರ.