ಸುತ್ತು ಬರುವ ಕುರಿ

ಕಬ್ಬಿಣದ್ದೇನೂ ಒಳಗೆ ಬರಕೂಡದು ಎಂದೆ.
ಅಪ್ಪ ಸೊಂಟದ ಚಾಕು ತೆಗೆದಿಟ್ಟ, ಲೈಟರು, ಜೀಪಿನ ಕೀಲಿ.
ಮಗಳು ಮುಷ್ಟಿ ಬಿಚ್ಚಲಿಲ್ಲ.
ನಾಲ್ಕು ವರ್ಷದ ನೋಮುನ್. ಬೆರಳ ಸಂದಿಯಲ್ಲಿ
ಕುರಿಯ ಹರಡಿನ ಮೂಳೆ, ಆಟದ್ದು,
ಮೂರು ತಲೆಮಾರಿನ ಕೈಗೆ ಸವೆದು ನುಣ್ಣಗಾದದ್ದು.
ಮೂಳೆಗೆ ಅಡ್ಡಿಯಿಲ್ಲ, ಇಟ್ಟುಕೋ ಎಂದೆ.

ಹೊರಗೆ ಉಲಾನ್‌ಬಾತರ್, ಮೈನಸ್ ಮೂವತ್ತೊಂದು.
ಕಲ್ಲಿದ್ದಲ ಹೊಗೆ ಕಿಟಕಿಗೆ ಮೂಗೊತ್ತಿ ನಿಂತಿತ್ತು.

ಅವನೇ ಮೊದಲು ಕಂಡದ್ದಂತೆ:
ತಲೆ ಎಡಕ್ಕೆ ವಾಲಿಸಿ ನಡೆಯುವುದು,
ಬೆಳಗ್ಗೆ ಎದ್ದೊಡನೆ ವಾಂತಿ,
ಆಮೇಲೆ ಏನೂ ಆಗದವಳಂತೆ ಮರಿಗಳ ಹಿಂದೆ ಓಟ.
ಊರ ಡಾಕ್ಟರು ಎರಡು ಸಲ ಹುಳದ ಔಷಧಿ ಕೊಟ್ಟರು.
‘ಕುರಿ ಕಾಯುವವನು ನಾನು. ವಾಲಿದ ತಲೆ ನನಗೆ ಗೊತ್ತು.’

ಮದ್ದಿಗೆ ಮಗು ಮಲಗಿತು. ಯಂತ್ರ ಬಡಿಯತೊಡಗಿತು,
ಯಾರೋ ಒಳಗಿನಿಂದ ಕದ ತಟ್ಟುವ ಹಾಗೆ.
ಹದಿನೇಳು ವರ್ಷದಿಂದ ಗುಂಡಿ ಒತ್ತುತ್ತಿದ್ದೇನೆ.
ಚಿತ್ರ ಓದುವುದು ನನ್ನ ಕೆಲಸವಲ್ಲ,
ಕಣ್ಣಿಗೆ ಬೀಗ ಹಾಕುವವರಾರು?

ಡಾಕ್ಟರ್ ಸೆರ್ಮಾ ಬಂದರು, ಚಹಾ ಆರಿಸಿಕೊಂಡರು,
ಕುಡಿಯಲಿಲ್ಲ.
ಪದರ ಪದರವಾಗಿ ಇಳಿದರು, ಮತ್ತೆ ಹತ್ತಿದರು.
ಕಿರುಮೆದುಳಿನ ಮಗ್ಗುಲಲ್ಲಿ ಇಪ್ಪತ್ಮೂರು ಮಿಲಿಮೀಟರು.
ಇಂಥದ್ದನ್ನು ಎರಡೇ ಸಲ ನೋಡಿದ್ದೇನೆ, ಎಂದರು,
ಒಂದು ಪುಸ್ತಕದಲ್ಲಿ.

ಅಪ್ಪ ಬಾಗಿಲಲ್ಲೇ ನಿಂತು ಕೇಳಿದ:
‘ನಮ್ಮ ಕುರಿಗೂ ಬರುತ್ತದೆ, ಸುತ್ತು ಬಂದು ಬೀಳುತ್ತದೆ.
ನನ್ನಜ್ಜ ಬುರುಡೆ ಒತ್ತಿ ಮೆತ್ತನೆ ಜಾಗ ಹುಡುಕಿ
ಕುಯ್ದು ನೀರಿನ ಚೀಲ ತೆಗೆಯುತ್ತಿದ್ದ.
ಕೆಲವು ಬದುಕುತ್ತಿದ್ದವು.
ಇದೂ ಚೀಲವೇ?’

ಇಂಥ ಪ್ರಶ್ನೆಗೆ ಸುಳ್ಳು ಹೇಳಲಾಗದು.
ಸೆರ್ಮಾ ಅವನನ್ನು ಪರದೆಯ ಮುಂದೆ ಕೂರಿಸಿದರು.
‘ಈ ಚಿತ್ರದಲ್ಲಿ ನೀರೆಲ್ಲ ಬೆಳ್ಳಗೆ, ನೋಡಿ, ಇಲ್ಲಿ, ಇಲ್ಲಿ.
ಇದು ಬೂದಿ.
ಒಳಗೆ ನೀರಿಗೂ ಓಡಾಡಲು ಜಾಗವಿಲ್ಲ,
ಅಷ್ಟು ಒತ್ತಾಗಿ ಕೂತಿದೆ.’
ಅವನು ಬೆರಳಿಟ್ಟ. ಗಾಜಿನ ಮೇಲೆ ಗುರುತು ಉಳಿಯಿತು.
‘ಚಳಿಗಾಲದ ದೊಡ್ಡಿಯ ಹಾಗೆ,’ ಎಂದ.
ಹೌದು, ಎಂದರು ಅವರು.

ರಾತ್ರಿ ಚಿತ್ರಗಳನ್ನು ಸೋಲ್‌ನ ಗೆಳತಿಗೆ ಕಳಿಸಿದರು.
ವರದಿಯಲ್ಲಿ ಮೂರು ಹೆಸರು, ಮೂರಕ್ಕೂ ಪ್ರಶ್ನೆಚಿಹ್ನೆ.
‘ಬಹುಶಃ’ ಬರೆದು ಅಳಿಸಿದರು,
ಮತ್ತೆ ಬರೆದರು.
ಚೂರು ತೆಗೆದು ನೋಡುವವರೆಗೆ
ನೆರಳಿಗೆ ಹೆಸರಿಡುವುದು ಹೇಗೆ?

ಮಗು ಎಚ್ಚೆತ್ತು ಮೊದಲು ಮುಷ್ಟಿ ಬಿಚ್ಚಿತು.
ಅಂಗೈಯಲ್ಲಿ ಮೂಳೆಯ ಅಚ್ಚು, ಕೆಂಪಗೆ.
ಎಸೆದರೆ ನಾಲ್ಕು ಮೈ: ಕುದುರೆ, ಒಂಟೆ, ಕುರಿ, ಮೇಕೆ.
ನನ್ನತ್ತ ಎಸೆದಳು. ಮಂಚದ ಕೆಳಗೆ ಉರುಳಿತು.
ಮಂಡಿಯೂರಿ ಹುಡುಕಿದೆ,
ಯಾವ ಮೈ ಮೇಲಿದೆಯೆಂದು ನೋಡದೆ ಎತ್ತಿಕೊಟ್ಟೆ.
ಆಮೇಲೆ ಹಾಸು ಒರೆಸಿದೆ.
ಮುಂದಿನ ಸರದಿ
ಮೊಣಕಾಲು ನೋವಿನ ಮುದುಕನದು.