ಜೀರೋ ಬಲ್ಬು

ಮೂವತ್ತೊಂದು ವರ್ಷ ಟ್ರಂಕ್ ಬೋರ್ಡಿನ ಮುಂದೆ ಕೂತವಳು ನಾನು.
ಗದ್ದಲದೊಳಗಿಂದ ಒಂದು ಹಲೋ ಹೆಕ್ಕುವುದೆಂದರೆ
ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗಲ್ಲ,
ಕಲ್ಲಿನ ರಾಶಿಯಲ್ಲಿ ಅಕ್ಕಿ.
ಈ ಕಿವಿಗೆ ಸರ್ಕಾರ ಪಿಂಚಣಿ ಕೊಡುತ್ತದೆ.

ಆದರೂ ಈ ಸದ್ದು ನನಗೆ ಹೊಸದು.
ಗುಡುಗಿನ ಸಿಡಿಮಿಡಿ ಗೊತ್ತು,
ಬರುತ್ತದೆ, ಬೈಯುತ್ತದೆ, ಹೋಗುತ್ತದೆ.
ಇದು ಹೋಗುವುದಿಲ್ಲ.
ಮುಳ್ಳು ಎತ್ತ ತಿರುಗಿಸಿದರೂ ಒಂದೇ ಗುಂಯ್,
ಜೇನುಗೂಡಿಗೆ ನೆಗಡಿಯಾದಂತೆ.
ಹಿಂದೆ ಇದೇ ಮುಳ್ಳಿನ ಕೆಳಗೆ ಊರೂರು ಮಲಗಿರುತ್ತಿದ್ದವು,
ಬೆರಳು ತಾಕಿದರೆ ಎದ್ದು ಮಾತಾಡುತ್ತಿದ್ದವು.

ಭಾನುವಾರ ರಾತ್ರಿ ಎಂಟೂವರೆಗೆ ಮೇನ್ ಎಳೆದೆ.
ತಂಗಿಯ ಧಾರಾವಾಹಿಯಲ್ಲಿ ಯಾರೋ ವಿಷದ ಲೋಟ ಎತ್ತಿದ್ದರಂತೆ.
ಕತ್ತಲಲ್ಲಿ ಕೂಗಿದಳು: ‘ತ್ರಿಪುರಾಂಬೇ!’
ಸಿಟ್ಟು ಬಂದಾಗ ಮಾತ್ರ ಪೂರ್ತಿ ಹೆಸರು,
ಇಲ್ಲದಿದ್ದರೆ ಅಕ್ಕ.

ಸೆಲ್ಲಿನ ರೇಡಿಯೊ ಕಂಕುಳಲ್ಲಿಟ್ಟು
ಒಂದೊಂದೇ ಸ್ವಿಚ್ಚು ಏರಿಸುತ್ತ ಕೇಳಿದೆ.
ಫ್ರಿಜ್ಜು ಬಡಪಾಯಿ, ನಿರಪರಾಧಿ.
ಸಂತೆಪೇಟೆಯ ಎಪ್ಪತ್ತು ರೂಪಾಯಿ ಚಾರ್ಜರು
ಫೋನಿಲ್ಲದಾಗಲೂ ಗೊಣಗುತ್ತದೆ,
ಗೋಡೆಗೆ ಅಂಟಿದ ಜಗಳಗಂಟಿ.
ಹಾಲಿನ ಹೊಸ ಬಲ್ಬುಗಳಂತೂ
ಬೆಳಕಿಗಿಂತ ಹೆಚ್ಚು ಬಡಬಡಿಕೆ.

ಶಿವರಾಂಪೇಟೆಯ ಇಲ್ಯಾಸ್ ಸತ್ತ ಮಾನಿಟರುಗಳ ಬಾಲ ಕೊಯ್ದು
ಕಪ್ಪು ಉಂಗುರಗಳ ಒಂದು ಪೊಟ್ಟಣ ಕೊಟ್ಟ.
‘ಇದರೊಳಗೆ ತಂತಿ ಏಳು ಸುತ್ತು ಸುತ್ತಿ, ಮೇಡಂ,
ಕೊಳೆ ಸದ್ದು ಅಲ್ಲೇ ನಿಲ್ಲುತ್ತೆ.’
ನಾನು ಕಟ್ಟಿಸಿಕೊಳ್ಳದ ಕರಿಮಣಿಯನ್ನು
ಮನೆಯ ತಂತಿಗಳಿಗೆಲ್ಲ ಕಟ್ಟಿದೆ.
ಏರಿಯಲ್ಲನ್ನು ಮೀಟರಿನ ಪಕ್ಕದಿಂದ ಬಿಡಿಸಿ
ಹಿತ್ತಲ ನುಗ್ಗೆಮರದವರೆಗೆ ಎಳೆದೆ.
ಮಣ್ಣಿಗೆ ಸಲಾಕೆ ಹೊಡೆದು ಉಪ್ಪು, ಇದ್ದಿಲು, ಒಂದು ಕೊಡ ನೀರು.
ತಂಗಿ ಕೇಳಿದಳು: ‘ಯಾರ ತಿಥಿ?’

ಮುಕ್ಕಾಲು ಸದ್ದು ಹೋಯಿತು.
ಉಳಿದ ಕಾಲುಭಾಗ ಮೇನ್ ಎಳೆದರೂ ಅಲುಗಲಿಲ್ಲ.

ರೇಡಿಯೊ ಹಿಡಿದು ಕಾಂಪೌಂಡಿನುದ್ದಕ್ಕೂ ನಡೆದೆ.
ಆರೋಗ್ಯಮೇರಿಯ ಕಿಟಕಿಯ ಬಳಿ ಅದು ಅರಚಿತು.
ಒಳಗೆ ಪವಿತ್ರ ಹೃದಯದ ಪಟ,
ಕೆಳಗೆ ರೈಲ್ವೆ ವರ್ಕ್‌ಶಾಪಿನ ಸಮವಸ್ತ್ರದಲ್ಲಿ ಸವರಿಮುತ್ತು,
ನಡುವೆ ಪ್ಲಾಸ್ಟಿಕ್ಕಿನ ಕೆಂಪು ದೀಪ.
ಅವರು ಹೋದ ದಿನ ಹಚ್ಚಿದ್ದು, ನಾಲ್ಕು ವರ್ಷ,
ಹಗಲೂ ರಾತ್ರಿ.

ಏನೆಂದು ಹೇಳಲಿ?
ನಿನ್ನ ಪ್ರಾರ್ಥನೆ ನನ್ನ ಪೆಟ್ಟಿಗೆಯಲ್ಲಿ ಗುಂಯ್‌ಗುಡುತ್ತಿದೆ ಎಂದೇ?
ಮೂರು ವಾರ ಸುಮ್ಮನಿದ್ದೆ.
ಅವಳು ಕೊಟ್ಟ ಕಲ್‌ಕಲ್ ತಿಂದೆ, ಡಬ್ಬಿ ತೊಳೆದು ಹಿಂದಿರುಗಿಸಿದೆ,
ಮತ್ತೂ ಹೇಳಲಿಲ್ಲ.

ಕೊನೆಗೆ ಒಂದು ಕೆಂಪು ಜೀರೋ ಬಲ್ಬು ಹಿಡಿದು ಹೋದೆ.
ಒಳಗೆ ಬರೀ ಒಂದೆಳೆ ತಂತಿ ಕಾಯುವುದು, ಅಷ್ಟೇ,
ಅದಕ್ಕೆ ಬಾಯಿಲ್ಲ.
ಅವಳು ಬಹಳ ಹೊತ್ತು ಬಲ್ಬನ್ನೇ ನೋಡಿದಳು.
‘ಬದಲಾಯಿಸೋವಾಗ ಆರಬಾರದು.’
ಮೇಣದ ಬತ್ತಿ ಹಚ್ಚಿ ಪಟದ ಮುಂದಿಟ್ಟು
‘ಈಗ ತೆಗಿ’ ಎಂದಳು.

ಪ್ಲಗ್ ಕಿತ್ತೆ.
ಕಿಟಕಿಯ ಕಟ್ಟೆಯ ಮೇಲೆ ರೇಡಿಯೊ
ಗಂಟಲು ಸರಿಮಾಡಿಕೊಂಡಂತೆ ತಟಕ್ಕನೆ ನಿಂತಿತು.
ಆಮೇಲೆ ಎಲ್ಲೋ, ಯಾವುದೋ ಭಾಷೆಯಲ್ಲಿ, ಒಬ್ಬ ಗಂಡಸು
ಅವಸರವಿಲ್ಲದೆ ಏನನ್ನೋ ಓದುತ್ತಿದ್ದ.
ದನಿ ಅಲೆಯಂತೆ ಹತ್ತಿರ ಬಂತು, ದೂರ ಹೋಯಿತು.
‘ಯಾರದು?’ ಎಂದಳು ಆರೋಗ್ಯಮೇರಿ, ಪಟದ ಕಡೆಗೇ ತಿರುಗಿ.
ಹಳೆಯ ಚಾಳಿ, ಬಾಯಿಗೆ ಬಂತು:
‘ಲೈನಿನಲ್ಲಿದ್ದಾರೆ.’

ಜೀರೋ ಬಲ್ಬು ಈಗ ಸಲೀಸಾಗಿ ಸಿಗುವುದಿಲ್ಲ.
ನಾಲ್ಕು ಕೊಂಡು ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದೇನೆ.
ಅವಳ ಬಿಲ್ಲಿನಲ್ಲಿ ಹೆಚ್ಚಾದ ಹಣ ನಾನೇ ಕೊಡುತ್ತೇನೆ, ಅವಳು ಬೇಡವೆನ್ನುತ್ತಾಳೆ,
ಅದೊಂದು ತಿಂಗಳ ಜಗಳ.

ಇನ್ನು ಎದುರಿನ ಬೀದಿದೀಪ.
ತಿಲಕನಗರದ ಮೂರನೇ ಅಡ್ಡರಸ್ತೆ, ಕಂಬ ಹದಿನೇಳು,
ಆರೂಮುಕ್ಕಾಲಿಗೆ ಶುರು.
ಪಾಲಿಕೆಗೆ ಅರ್ಜಿ ಕೊಟ್ಟೆ.
ಗುಮಾಸ್ತ ಎರಡು ಸಲ ಓದಿ ತಲೆಯೆತ್ತಿದ:
‘ದೀಪ ಉರೀತಿಲ್ವಾ ಅಮ್ಮ?’
ಉರೀತಿದೆಯಪ್ಪ,
ಅದೇ ತೊಂದರೆ.