ಎರಡು ಚುಕ್ಕಿ ಮೂರು

ಚೌಕಿಪೇಟೆ ತಿರುವಿನಲ್ಲಿ, ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ
ನಜೀರಣ್ಣ ಹೆಸರು ಹೊಡೆಯುತ್ತಿದ್ದಾನೆ.
ಗುಂಯ್ಯೆನ್ನುವ ಸೂಜಿಗೆ ಸ್ಟೀಲಿನ ಕೊಡ ಕತ್ತು ಕೊಟ್ಟು ಕೂತಿದೆ
ಕಿವಿ ಚುಚ್ಚಿಸಿಕೊಳ್ಳುವ ಮಗುವಿನ ಹಾಗೆ.
ಚುಕ್ಕಿ, ಪಕ್ಕದಲ್ಲಿ ಚುಕ್ಕಿ,
ಇಷ್ಟಿಷ್ಟೇ ಆಗುತ್ತಾಳೆ ಒಬ್ಬ ಕೊಟ್ರಮ್ಮ,
ಮುಂದೆ 'ಸೌ.', ಕೆಳಗೆ 'ತವರಿನಿಂದ', ತಾರೀಕು.

ನಾನು ನಿಂತದ್ದು ಬೇರೆ ಲೆಕ್ಕಕ್ಕೆ.
ನಿನ್ನೆ ಕಾಲೇಜಿನಲ್ಲಿ ಹಾಲೇಶ್ ಸರ್
ನಮ್ಮ ಪ್ರಬಂಧದ ಕೊನೆಯ ಪುಟದಲ್ಲಿ
ಒಂದು ಸಾಲು ಹೊಡೆದುಹಾಕಿದರು.
"ಜಾಗ ಇಲ್ಲಮ್ಮ. ಅಡಿಗೆ ಮಾಡಿದವರು ನಾವು,
ಪಾತ್ರೆ ಯಾರದು ಅಂತ ಯಾರು ಕೇಳ್ತಾರೆ?"

ಆ ಸಾಲಲ್ಲಿ ಇದ್ದವಳು ಇಲೋನಾ.
ಮುಖ ಗೊತ್ತಿಲ್ಲ, ಊರು ಗೊತ್ತಿಲ್ಲ,
ಅವಳು ಬರೆದ ಕೋಡು ಗೊತ್ತು.
ಸ್ವಾತಿಯ ಪಕ್ಕದ ಒಂದು ಬಡ ನಕ್ಷತ್ರ
ಎರಡು ದಿನ ಏಳು ಗಂಟೆಗೊಮ್ಮೆ ಮಂಕಾಗುವುದನ್ನು
ಪಿ.ಬಿ. ರೋಡಿನ ದೀಪ, ದೂಳು, ಲಾರಿ ಹೊಗೆಯ ನಡುವಿಂದ
ಅಕ್ಕಿಯೊಳಗಿನ ಕಲ್ಲು ಆರಿಸಿದಂತೆ ಆರಿಸಿ ಕೊಟ್ಟದ್ದು ಅದು.
ನಾಲ್ಕು ಸಾವಿರ ಸಾಲು. ನಡುನಡುವೆ ಅವಳ ಟಿಪ್ಪಣಿ:
'ಇಲ್ಲಿ ಎರಡು ವಾರ ಸೋತೆ. ಈಗ ಸರಿ ಇರಬೇಕು.'
ಎಲ್ಲಕ್ಕೂ ಮೊದಲು: 'ಯಾರು ಬೇಕಾದರೂ ಒಯ್ಯಿರಿ.
ಒಯ್ದೆವು ಅಂತ ಹೇಳಿ. ಅಷ್ಟು ಸಾಕು.'

ನಮ್ಮ ಓಣಿಯಲ್ಲಿ ಮದುವೆ ಮುಗಿದ ಮಾರನೆಯ ಬೆಳಿಗ್ಗೆ
ಹಿತ್ತಲ ತುಂಬ ಬೋರಲು ಬಿದ್ದ ಪಾತ್ರೆಗಳು.
ಓದು ಬಾರದ ನಮ್ಮವ್ವ ಬೆರಳಾಡಿಸಿ
ಚುಕ್ಕಿಗಳ ತರಿಯಲ್ಲೇ ಮನೆಮನೆಯ ಗುರುತು ಹಿಡಿಯುತ್ತಿದ್ದಳು.
ತಿರುಗಿ ಕೊಡುವಾಗ ಬರಿದೇ ಕೊಡುತ್ತಿರಲಿಲ್ಲ,
ಒಂದು ಹಿಡಿ ಮಂಡಕ್ಕಿಯಾದರೂ.

ರಾತ್ರಿ ಕೂತು ಆ ಸಾಲನ್ನು ಮತ್ತೆ ಬರೆದೆ:
ಹೆಸರು, ವರ್ಷ, ಆವೃತ್ತಿ ಎರಡು ಚುಕ್ಕಿ ಮೂರು.
ಜಾಗಕ್ಕೆಂದು ನಮ್ಮದೇ ಒಂದು ಹೊಗಳಿಕೆ ತೆಗೆದೆ.
ಅವಳ ಸಾವಿರದ ಮುನ್ನೂರನೇ ಸಾಲಿನಲ್ಲಿ
ಅಧಿಕ ವರ್ಷದ ಒಂದು ದಿನ ತಪ್ಪಿಹೋಗುತ್ತಿತ್ತು,
ಅದನ್ನೂ ತಿದ್ದಿ ಕಳಿಸಿದೆ ಇಲೋನಾಗೆ.
ನನ್ನ ಮಂಡಕ್ಕಿ.

ಹಾಲೇಶ್ ಸರ್ ಇನ್ನೂ ನೋಡಿಲ್ಲ.

ನಜೀರಣ್ಣ ಕೊಡದ ಮೇಲಿನ ಪುಡಿ ಉಫ್ ಎಂದು ಊದಿದ.
"ಊರವರ ಹೆಸರೆಲ್ಲ ಹೊಡೀತೀರಿ, ನಿಮ್ಮದು?"
ನಕ್ಕ. ತಾರೀಕಿನ ಕಡೆ ಸೂಜಿ ತೋರಿಸಿದ.
"ಅದರ ಮುಂದೆ ಒಂದು ಚುಕ್ಕಿ ಹೆಚ್ಚಿಗೆ ಇರತೈತಿ. ಯಾರೂ ನೋಡಲ್ಲ."

ಬಗ್ಗಿ ನೋಡಿದೆ.
ಇತ್ತು.